ಹವಳದ ದ್ವೀಪಕ್ಕೆ ಹೊರಡುವವರ ಪ್ರಶ್ನೆಗಳು

ಸಣ್ಣ ಹವಳದ ದ್ವೀಪಗಳಿಗೆ ಹೋಗುವವರೂ ಹೋಗಿಬಂದವರೂ ಕೇಳಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪರವಾನಗಿ, ಪ್ರವೇಶ ಶುಲ್ಕದಂಥವು ದ್ವೀಪದಿಂದ ದ್ವೀಪಕ್ಕೆ ಬೇರೆ. ಅವನ್ನು ಆಯಾ ಆಡಳಿತದಿಂದಲೇ ತಿಳಿಯಬೇಕು. ಉಳಿದದ್ದು ಎಲ್ಲ ಕಡೆಗೂ ಹೊಂದುವ ಮಾತು.

ಪ್ರಶ್ನೆ: ಚಿತ್ರದಲ್ಲಿ ಕೋಣೆಯ ಮುಂದೆಯೇ ನೀಲಿ ನೀರಿತ್ತು. ಹೋಗಿ ನೋಡಿದರೆ ಮೊಣಕಾಲುದ್ದವೂ ಇಲ್ಲ, ಬರೀ ಕಲ್ಲು, ಪಾಚಿ. ಇದ್ದ ಮೂರು ದಿನವೂ ಹೀಗೇ. ನಮಗೆ ಮೋಸವಾಯಿತೇ?

ಉತ್ತರ: ಮೋಸವೇನಿಲ್ಲ. ಚಿತ್ರ ತೆಗೆದದ್ದು ಉಬ್ಬರದಲ್ಲಿ, ನೀವು ದಡಕ್ಕೆ ಇಳಿದದ್ದು ಇಳಿತದಲ್ಲಿ. ಇಂಥ ದ್ವೀಪಗಳ ಸುತ್ತ ಹಲವು ಕಡೆ ದಡದಿಂದ ನೂರಾರು ಮೀಟರ್‌ವರೆಗೆ ಹವಳದ ಹಾಸು ಚಪ್ಪಟೆಯಾಗಿ ಹರಡಿರುತ್ತದೆ. ಹೆಚ್ಚು ಹೊತ್ತು ಗಾಳಿ-ಬಿಸಿಲಿಗೆ ಬಿದ್ದರೆ ಹವಳ ಸಾಯುತ್ತದೆ. ಹಾಗಾಗಿ ಅದು ಇಳಿತದ ನೀರಿನ ಮಟ್ಟದವರೆಗೆ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ನೀರು ಇಳಿದಾಗ ಹಾಸಿನ ಮೇಲೆ ಉಳಿಯುವುದು ಪಾದ ಮುಳುಗುವಷ್ಟು, ಕೆಲವೆಡೆ ಅದೂ ಇಲ್ಲ.

ಮೂರು ದಿನವೂ ಹಾಗೇ ಇದ್ದದ್ದಕ್ಕೆ ಲೆಕ್ಕವಿದೆ. ಬಹುಪಾಲು ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಅಂದರೆ ಇಳಿತ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಮೊದಲ ದಿನ 11 ಗಂಟೆಗೆ ಇದ್ದದ್ದು ಮೂರನೆಯ ದಿನ 12.40ಕ್ಕೆ. ಬೆಳಗಿನ ತಿಂಡಿ ಮುಗಿಸಿ ನೀವು ನೀರಿಗೆ ಹೊರಡುವ ಹೊತ್ತು ಮೂರೂ ದಿನ ಇಳಿತಕ್ಕೇ ಸಿಕ್ಕಿಬಿದ್ದಿದೆ. ಇನ್ನೊಂದು ವಾರ ಬಿಟ್ಟು ಹೋಗಿದ್ದರೆ ಅದೇ ಹೊತ್ತಿಗೆ ಉಬ್ಬರ ಇರುತ್ತಿತ್ತು.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಒಂದು ಊರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಇಳಿತ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಒಂದು ದ್ವೀಪದಲ್ಲಿ ಅದು ಮಧ್ಯಾಹ್ನವಾದರೆ ಇನ್ನೊಂದರಲ್ಲಿ ಮುಂಜಾನೆ, ಸಂಜೆ. ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲೇ ಅಲ್ಲಿಯವರಿಗೆ ಒಂದು ಪ್ರಶ್ನೆ ಹಾಕಿ: ಹುಣ್ಣಿಮೆಯ ದಿನ ನೀರು ಪೂರ್ತಿ ಇಳಿಯುವುದು ಎಷ್ಟು ಗಂಟೆಗೆ? ಮಧ್ಯಾಹ್ನ ಎಂದರೆ ಅಷ್ಟಮಿಯ ಆಸುಪಾಸಿಗೆ ಹೋಗಿ. ಆಗ ಉಬ್ಬರ ನಡುಹಗಲಿಗೆ ಬರುತ್ತದೆ, ಏರಿಳಿತವೂ ಸಣ್ಣದು, ಸೆಳೆತವೂ ಕಡಿಮೆ. ಬೆಳಿಗ್ಗೆ ಆರು, ಸಂಜೆ ಆರು ಎಂದರೆ ಹುಣ್ಣಿಮೆ-ಅಮಾವಾಸ್ಯೆಯ ದಿನಗಳೇ ಸರಿ. ನಡುಹಗಲಿನಲ್ಲಿ ಹಾಸಿನ ಮೇಲೆ ತುಂಬು ನೀರು ಸಿಗುತ್ತದೆ, ಸೆಳೆತ ಮಾತ್ರ ಜೋರಾಗಿರುತ್ತದೆ. ದಿನಕ್ಕೆ ಒಂದೇ ಉಬ್ಬರ ಬರುವ ಕಡಲುಗಳೂ ಇವೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ, ದಿನದಿನದ ಹೊತ್ತು, ನೀರಿನ ಮಟ್ಟ ತೋರಿಸುವ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು.

ಉಬ್ಬರವಿಳಿತದ ಪಟ್ಟಿ ಕೈಗೆ ಬಂದ ಮೇಲೆ ಮೊದಲ ದಿನವೇ ಒಂದು ಕೆಲಸ ಮಾಡಿಕೊಳ್ಳಿ. ಇಳಿತದ ಹೊತ್ತಿಗೆ ದಡದಲ್ಲಿ ನಿಂತು, ನೀವು ಈಜಬೇಕೆಂದಿರುವ ಜಾಗದಲ್ಲಿ ಒಂದು ಬಂಡೆ ಗುರುತಿಟ್ಟುಕೊಂಡು ಅದರ ಮೇಲೆ ಎಷ್ಟು ನೀರಿದೆ ನೋಡಿ. ಪಟ್ಟಿ ಆಗ 0.4 ಮೀಟರ್ ಎನ್ನುತ್ತಿದ್ದು ಬಂಡೆಯ ಮೇಲೆ 10 ಸೆಂಟಿಮೀಟರ್ ನೀರಿದ್ದರೆ, ಪಟ್ಟಿ 1.4 ತೋರಿಸುವಾಗ ಅಲ್ಲಿ 1.1 ಮೀಟರ್ ಇರುತ್ತದೆ. ಹವಳದ ಮೇಲೆ ತೇಲಲು ಕನಿಷ್ಠ ಒಂದು ಮೀಟರ್ ಬೇಕು. ಅದಕ್ಕಿಂತ ಕಡಿಮೆಯಾದರೆ ಮೊಣಕಾಲೂ ಪಾದಕ್ಕೆ ತೊಟ್ಟ ಈಜುರೆಕ್ಕೆಯೂ (ಫಿನ್) ಹವಳಕ್ಕೆ ತಾಗುತ್ತವೆ.

ನೀರು ಏರುವುದೂ ಒಂದೇ ಸಮನಲ್ಲ. ಒಟ್ಟು ಏರಿಕೆ 1.8 ಮೀಟರ್ ಎನ್ನಿ. ಮೊದಲ ಗಂಟೆಯಲ್ಲಿ 15 ಸೆಂಟಿಮೀಟರ್, ಎರಡನೆಯದರಲ್ಲಿ 30, ಮೂರು ಮತ್ತು ನಾಲ್ಕನೆಯದರಲ್ಲಿ 45ರಂತೆ, ಐದರಲ್ಲಿ 30, ಆರರಲ್ಲಿ ಮತ್ತೆ 15. ನಡುವಿನ ಎರಡು ಗಂಟೆ ಸೆಳೆತ ಅತಿ ಜೋರು. ಆದ್ದರಿಂದ ಪೂರ್ಣ ಉಬ್ಬರಕ್ಕೆ ಒಂದು ಗಂಟೆ ಮೊದಲು ಇಳಿದು, ಉಬ್ಬರ ತಿರುಗುವ ಹೊತ್ತಿಗೆ ಮೇಲೆ ಬರುವುದು ಒಳ್ಳೆಯದು.

ಪ್ರಶ್ನೆ: ಯಾವ ತಿಂಗಳು ಹೋಗಬೇಕು?

ಉತ್ತರ: ತಿಂಗಳಿಗಿಂತ ಮೊದಲು ಗಾಳಿಯ ದಿಕ್ಕು ಕೇಳಿ. ಉಷ್ಣವಲಯದ ಹಲವು ಕಡೆ ಗಾಳಿ ತಿಂಗಳುಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ, ಮಳೆಗಾಲ ಬದಲಾದಾಗ ತಿರುಗುತ್ತದೆ. ಗಾಳಿಗೆ ಮುಖಮಾಡಿದ ದಂಡೆಯಲ್ಲಿ ಅಲೆ, ಕದಡಿದ ನೀರು, ತೇಲಿಬಂದ ಕಸ. ಅದೇ ದಿನ ದ್ವೀಪದ ಬೆನ್ನಿನ ಕಡೆ ನೀರು ನಿಶ್ಚಲವಾಗಿರುತ್ತದೆ. ಸಣ್ಣ ದ್ವೀಪವಾದರೆ ಅರ್ಧ ಗಂಟೆ ನಡೆದು ಆ ಬದಿಗೆ ಹೋಗಬಹುದು. ಕೋಣೆಯ ಬಾಡಿಗೆ ಒಂದು ಬದಿಯಲ್ಲಿ ಏಕಾಏಕಿ ಇಳಿದಿದ್ದರೆ ಗಾಳಿ ಆ ಕಡೆಗೆ ತಿರುಗಿರಬಹುದು.

ಭೂಮಧ್ಯರೇಖೆಯಿಂದ ಸುಮಾರು 5 ಡಿಗ್ರಿಯ ಒಳಗೆ ಚಂಡಮಾರುತ ಹುಟ್ಟುವುದು ತೀರ ಅಪರೂಪ. ಅದರಾಚೆಯ ದ್ವೀಪಗಳಿಗೆ ಚಂಡಮಾರುತದ ಋತುವನ್ನು ಬಿಟ್ಟೇ ಯೋಜನೆ ಹಾಕಿ. ಮಳೆಗೆ ಅಷ್ಟು ಹೆದರಬೇಕಿಲ್ಲ. ತಗ್ಗಾದ ಹವಳದ ದ್ವೀಪದಲ್ಲಿ ನದಿಯೇ ಇಲ್ಲದ್ದರಿಂದ ಕೆಸರು ಕಡಲಿಗೆ ಬರುವುದಿಲ್ಲ, ಮಳೆ ನಿಂತ ಮೇಲೆ ನೀರು ಬೇಗ ತಿಳಿಯಾಗುತ್ತದೆ. ಬೆಟ್ಟಗುಡ್ಡದ ದ್ವೀಪದಲ್ಲಿ ತೊರೆಯ ಬಾಯಿಗೆ ಹತ್ತಿರದ ನೀರು ಕೆಲವು ದಿನ ಕೆಂಪಗೇ ಇರುತ್ತದೆ.

ಪ್ರಶ್ನೆ: ನನಗೆ 61 ವರ್ಷ, ಈಜು ಬಾರದು. ಸ್ನಾರ್ಕೆಲಿಂಗ್ (ಮಾಸ್ಕ್ ತೊಟ್ಟು, ಉಸಿರುಕೊಳವೆ ಕಚ್ಚಿಕೊಂಡು ಮುಖ ಕೆಳಗಾಗಿ ತೇಲುವುದು) ಮಾಡಬಹುದೇ?

ಉತ್ತರ: ಹೃದಯದ ತೊಂದರೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಅಸ್ತಮಾ ಇದ್ದರೆ ಮೊದಲು ವೈದ್ಯರ ಮಾತು ಕೇಳಿ. ಸ್ನಾರ್ಕೆಲ್ ಸುಲಭವಾಗಿ ಕಂಡರೂ ಕೊಳವೆಯ ಮೂಲಕ ಉಸಿರೆಳೆಯುವುದು, ಎದೆಯ ಮೇಲೆ ನೀರಿನ ಒತ್ತಡ, ಗಾಬರಿ ಎಲ್ಲ ಸೇರಿ ಹೃದಯಕ್ಕೂ ಶ್ವಾಸಕೋಶಕ್ಕೂ ಹೊರೆಯಾಗುತ್ತವೆ.

ತೊಂದರೆ ಇಲ್ಲವೆಂದಾದರೆ ಲೈಫ್ ಜಾಕೆಟ್ ತೊಟ್ಟು, ಕೈಯಳತೆಯಲ್ಲಿ ಮಾರ್ಗದರ್ಶಿಯನ್ನು ಇಟ್ಟುಕೊಂಡು ಹೋಗಬಹುದು. ಆದರೆ ಮೊದಲ ಪಾಠ ಆಳದಲ್ಲಿ ಬೇಡ. ಸೊಂಟದಷ್ಟು ನೀರಿನ ಮರಳುದಂಡೆಯಲ್ಲಿ ನಿಂತು, ಮುಖ ಮಾತ್ರ ಮುಳುಗಿಸಿ, ಹತ್ತು ನಿಮಿಷ ಉಸಿರಾಡಿ ರೂಢಿ ಮಾಡಿಕೊಳ್ಳಿ. ನಿಧಾನ, ಆಳವಾದ ಉಸಿರು ಇರಲಿ. ಚಿಕ್ಕಚಿಕ್ಕ ಉಸಿರು ಎಳೆದರೆ ಕೊಳವೆಯೊಳಗಿನ ಹಳೆಯ ಗಾಳಿಯೇ ಒಳಹೊರಗೆ ಓಡಾಡುತ್ತದೆ, ಏದುಸಿರು ಹೆಚ್ಚುತ್ತದೆ. ಏದುಸಿರು ಬಂತೋ, ಕೊಳವೆ ಬಾಯಿಂದ ತೆಗೆದು ಅಂಗಾತ ಮಲಗಿ ಕೈ ಎತ್ತಿ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹೊಸಬರಿಗೆ ಹಿತವೆನಿಸುತ್ತದೆ. ಆದರೆ ಗಾಬರಿಯಾದಾಗ ಬಾಯಿಂದ ಉಗುಳಿಬಿಡಲು ಅದರಲ್ಲಿ ಆಗುವುದಿಲ್ಲ, ಇಡೀ ಮಾಸ್ಕನ್ನೇ ಕಿತ್ತು ತೆಗೆಯಬೇಕು. ಹೊಸಬರ ಕೈಗೆ ನಾವಂತೂ ಕೊಡೆವು.

ಇದೂ ಬೇಡವೆನಿಸಿದರೆ ಗಾಜಿನ ತಳದ ದೋಣಿ ಇದೆ. ಸೂರ್ಯ ನೆತ್ತಿಗೆ ಹತ್ತಿರವಿರುವಾಗ, ಅಂದರೆ 10ರಿಂದ 2ರೊಳಗೆ ಹೋದರೆ ಬೆಳಕು ತಳಕ್ಕೆ ಇಳಿದು ಬಣ್ಣ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಮಾಸ್ಕ್ ಎಷ್ಟು ಬಿಗಿದರೂ ನೀರು ನುಗ್ಗುತ್ತದೆ, ಮಂಜು ಕಟ್ಟುತ್ತದೆ. ಕನ್ನಡಕ ಬೇರೆ ಇದೆ.

ಉತ್ತರ: ಬಿಗಿದದ್ದರಿಂದಲೇ ನೀರು ನುಗ್ಗುತ್ತಿರಬಹುದು. ಪಟ್ಟಿ ಅತಿ ಬಿಗಿಯಾದರೆ ಸಿಲಿಕೋನ್ ಅಂಚು ಮಡಚಿಕೊಂಡು ಸಂದು ಬಿಡುತ್ತದೆ. ಆರಿಸುವಾಗ ಪಟ್ಟಿಯನ್ನು ಹಿಂದಕ್ಕೆ ಬಿಟ್ಟು, ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದು ಹಿಡಿಯಿರಿ. ಕೈ ಬಿಟ್ಟರೂ ಕೆಳಗೆ ಬೀಳದಿದ್ದರೆ ಅದು ನಿಮ್ಮ ಮುಖದ ಅಳತೆ. ನೀರಿನಲ್ಲಿ ಪಟ್ಟಿ ಕಿವಿಯ ಮೇಲ್ಗಡೆ, ತಲೆಯ ಹಿಂದಿನ ಉಬ್ಬಿನ ಮೇಲೆ ಕೂರಲಿ. ಕೆಳಗಿಳಿದರೆ ಮಾಸ್ಕಿನ ಮೇಲಂಚು ಸಡಿಲವಾಗುತ್ತದೆ. ಅಂಚಿನೊಳಗೆ ಕೂದಲೆಳೆ ಸಿಕ್ಕಿದೆಯೇ ಎಂದು ಬೆರಳಾಡಿಸಿ ನೋಡಿ, ಒಂದೆಳೆ ಸಾಕು ನೀರು ಬರಲು. ಮೀಸೆಯವರಿಗೆ ಮೂಗಿನ ಕೆಳಗೆ ಸೋರುವುದು ಸಹಜ. ಮೂಗಿನಡಿಯ ಒಂದು ಗೆರೆಯಷ್ಟು ಮೀಸೆ ಬೋಳಿಸಿದರೆ ಬಹಳಷ್ಟು ನಿಲ್ಲುತ್ತದೆ. ಒಳಗೆ ಬಂದ ನೀರು ತೆಗೆಯಲು ತಲೆ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಜೋರಾಗಿ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಹೋಗುತ್ತದೆ.

ಮಂಜಿಗೆ ಕಾರಣ ಎರಡು. ಹೊಸ ಮಾಸ್ಕಿನ ಗಾಜಿನ ಒಳಮೈಯಲ್ಲಿ ತಯಾರಿಕೆಯ ಸಿಲಿಕೋನ್ ಪೊರೆ ಉಳಿದಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ಮೂರು ಬಾರಿ ತಿಕ್ಕಿ ತೊಳೆಯಿರಿ. ಪ್ಲಾಸ್ಟಿಕ್ ಗಾಜಿಗೆ ಇದು ಬೇಡ, ಗೀರು ಬೀಳುತ್ತದೆ. ಹಳೆಯ ಮಾಸ್ಕಾದರೆ ಇಳಿಯುವ ಮುಂಚೆ ಒಣ ಗಾಜಿಗೆ ಒಂದು ಹನಿ ಬೇಬಿ ಶಾಂಪೂ ಸವರಿ, ನೀರಿನಲ್ಲಿ ಒಮ್ಮೆ ಮಾತ್ರ ಜಾಲಿಸಿ. ಎಂಜಲೂ ಇದೇ ಕೆಲಸ ಮಾಡುತ್ತದೆ. ಇನ್ನೊಂದು ಕಾರಣ ನಿಮ್ಮ ಮೂಗು: ಅದರಿಂದ ಉಸಿರು ಬಿಟ್ಟಷ್ಟೂ ಮಂಜು.

ಕನ್ನಡಕದ ಮೇಲೆ ಮಾಸ್ಕ್ ಕೂರದು. ಕಾಂಟ್ಯಾಕ್ಟ್ ಲೆನ್ಸ್ ನೀರಿನಲ್ಲಿ ಬೇಡ, ಕಣ್ಣಿನ ಸೋಂಕಿನ ಅಪಾಯವಿದೆ. ನಂಬರ್ ಇರುವ ಸಿದ್ಧ ಗಾಜುಗಳನ್ನು ಕೂರಿಸುವ ಮಾಸ್ಕ್‌ಗಳು ಸಿಗುತ್ತವೆ. ಅರ್ಧ ನಂಬರ್ ಕಡಿಮೆಯದಾದರೂ ನಡೆದೀತು, ನೀರಿನೊಳಗೆ ವಸ್ತುಗಳು ಹೇಗೂ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತವೆ.

ಪ್ರಶ್ನೆ: ಸೆಳೆತಕ್ಕೆ ಸಿಕ್ಕರೆ?

ಉತ್ತರ: ಅಲೆಗಳು ಹವಳದ ಅಂಚನ್ನು ದಾಟಿ ಒಳಗೆ ಸುರಿದ ನೀರು ಎಲ್ಲಿಂದಲಾದರೂ ಹೊರಹೋಗಲೇಬೇಕು. ಅದು ಹೋಗುವುದು ಹವಳದ ನಡುವಿನ ಕಂಡಿಗಳಿಂದ. ಎಲ್ಲೆಡೆ ಅಲೆ ಮುರಿಯುತ್ತಿದ್ದು ಒಂದು ಕಡೆ ಮಾತ್ರ ಕಡುನೀಲಿಯಾಗಿ, ಶಾಂತವಾಗಿ ಕಂಡರೆ ಅದೇ ಕಂಡಿ. ಹೊಸಬರು ಅದನ್ನೇ ಒಳ್ಳೆಯ ಜಾಗವೆಂದು ಆರಿಸಿಕೊಳ್ಳುತ್ತಾರೆ. ಹೊರಗೆ ದೊಡ್ಡ ಅಲೆ ಇದ್ದ ದಿನ ಉಬ್ಬರದ ಹೊತ್ತಿನಲ್ಲೂ ಅಲ್ಲಿ ನೀರು ಹೊರಕ್ಕೇ ಹರಿಯುತ್ತಿರಬಹುದು.

ಇಳಿದ ಕೂಡಲೆ ಎರಡು ನಿಮಿಷ ಕೈಕಾಲು ಆಡಿಸದೆ ತೇಲಿ. ತಳದ ಒಂದು ಬಂಡೆ ನೋಡುತ್ತಿದ್ದರೆ ನೀರು ನಿಮ್ಮನ್ನು ಯಾವ ಕಡೆಗೆ ಒಯ್ಯುತ್ತಿದೆ ತಿಳಿಯುತ್ತದೆ. ಮೊದಲು ಸೆಳೆತಕ್ಕೆ ಎದುರಾಗಿ ಈಜಿ, ಬರುವಾಗ ಅದರ ಜೊತೆಗೆ ಬನ್ನಿ. ಸಿಕ್ಕಿಬಿದ್ದರೆ ಎದುರು ಈಜಿ ದಣಿಯಬೇಡಿ. ತೇಲುತ್ತ ಕೈ ಎತ್ತಿ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ. ಕಂಡಿಯ ಹೊರಗೆ ಸೆಳೆತ ಹರಡಿ ಸಡಿಲಾಗುತ್ತದೆ.

ಪ್ರಶ್ನೆ: ಸನ್‌ಸ್ಕ್ರೀನ್ ಹವಳಕ್ಕೆ ವಿಷವೆನ್ನುತ್ತಾರೆ. ಹಚ್ಚದಿದ್ದರೆ ಬೆನ್ನು ಸುಡುತ್ತದೆ. ಏನು ಮಾಡಬೇಕು?

ಉತ್ತರ: ಉದ್ದ ತೋಳಿನ ಈಜುಡುಗೆ ತೊಡಿ. ಬೆನ್ನು, ಭುಜ, ತೊಡೆಯ ಹಿಂಬದಿ ಮುಚ್ಚಿದರೆ ಕ್ರೀಮು ಬೇಕಾಗುವುದು ಮುಖ, ಕತ್ತು, ಪಾದದ ಮೇಲ್ಭಾಗಕ್ಕೆ ಮಾತ್ರ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವುದನ್ನು ಬಿಟ್ಟುಬಿಡಿ. ಪಲಾವ್ ದೇಶ 2020ರ ಜನವರಿ 1ರಿಂದ, ಹವಾಯಿ 2021ರ ಜನವರಿ 1ರಿಂದ ಇವಕ್ಕೆ ನಿರ್ಬಂಧ ಹಾಕಿವೆ. ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ, ನೀರಿಗಿಳಿಯುವ 15-20 ನಿಮಿಷ ಮೊದಲೇ ಹಚ್ಚಿ. ಡಬ್ಬಿಯ ಮೇಲೆ ಹವಳಸ್ನೇಹಿ ಎಂದು ಬರೆದಿದ್ದರೆ ನಂಬಿಬಿಡಬೇಡಿ. ಆ ಮಾತಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ, ಹಿಂದಿನ ಸಣ್ಣಕ್ಷರವನ್ನು ಓದಿ.

ಪ್ರಶ್ನೆ: ನಾವು ನೋಡಿದ ಹವಳ ಹಾಲಿನಷ್ಟು ಬೆಳ್ಳಗಿತ್ತು. ಸತ್ತಿತ್ತೇ? ಅದರ ಮೇಲೆ ನಿಂತರೂ ತೊಂದರೆ ಇಲ್ಲವೇ?

ಉತ್ತರ: ಬಹುಶಃ ಸತ್ತಿರಲಿಲ್ಲ, ಹಸಿದಿತ್ತು. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಹೆಚ್ಚಿನ ಪಾಲು ಕೊಡುತ್ತದೆ, ಬಣ್ಣವೂ ಬಹುಮಟ್ಟಿಗೆ ಆ ಪಾಚಿಯದೇ. ನೀರು ಅಲ್ಲಿಯ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರಿಕೊಂಡು ಚೇತರಿಸಿಕೊಳ್ಳಬಹುದು. ಜಗತ್ತಿನಾದ್ಯಂತ ಇಂಥ ಬಿಳಿಚುವಿಕೆ ನಾಲ್ಕನೆಯ ಬಾರಿ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. ಸತ್ತ ಹವಳ ಬೆಳ್ಳಗಿರುವುದು ಕೆಲವೇ ದಿನ. ಆಮೇಲೆ ಅದರ ಮೇಲೆ ಕಂದು-ಹಸಿರು ಪಾಚಿ ಕೂದಲಿನಂತೆ ಹತ್ತಿಕೊಳ್ಳುತ್ತದೆ.

ನಿಲ್ಲುವ ಮಾತೇ ಬೇಡ. ಕೊಂಬೆಕೊಂಬೆಯಾಗಿ ಬೆಳೆಯುವ ಹವಳ ಬಹಳವೆಂದರೆ ವರ್ಷಕ್ಕೆ 10 ಸೆಂಟಿಮೀಟರ್, ಗುಂಡುಬಂಡೆಯಂಥದ್ದು ಒಂದೆರಡು ಸೆಂಟಿಮೀಟರ್ ಅಥವಾ ಅದಕ್ಕೂ ಕಡಿಮೆ ಬೆಳೆಯುತ್ತದೆ. ನಿಲ್ಲಲೇಬೇಕಾದರೆ ಮರಳು ಕಾಣುವ ಕಡೆ ನಿಲ್ಲಿ. ಫಿನ್ ಹಾಕಿಕೊಂಡು ನಿಂತಲ್ಲೇ ಕಾಲು ಬಡಿಯಬೇಡಿ, ಎದ್ದ ಮರಳು ಹವಳದ ಮೇಲೆ ಕೂತು ಅದನ್ನು ಉಸಿರುಗಟ್ಟಿಸುತ್ತದೆ. ಆ ಮರಳಲ್ಲೂ ಒಂದು ಪಾಲು ಗಿಳಿಮೀನಿನದು. ಕಿವಿಗೊಟ್ಟರೆ ನೀರಿನೊಳಗೆ ಕರಕರ ಕೇಳಿಸುತ್ತದೆ. ಅದು ಆ ಮೀನು ಹಲ್ಲಿನಿಂದ ಸತ್ತ ಹವಳ ಕೆರೆಯುವ ಸದ್ದು. ಕೆರೆದದ್ದರಲ್ಲಿ ಪಾಚಿ ಜೀರ್ಣಿಸಿಕೊಂಡು, ಉಳಿದದ್ದನ್ನು ಬಿಳಿ ಮರಳಾಗಿ ಹೊರಹಾಕುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ.

ಪ್ರಶ್ನೆ: ಕಾಲಿಗೆ ಏನಾದರೂ ಚುಚ್ಚಿದರೆ, ಕುಟುಕಿದರೆ ಪ್ರಥಮ ಚಿಕಿತ್ಸೆ?

ಉತ್ತರ: ಹವಳ ಗೀರಿದ ಗಾಯ ಸಣ್ಣದೆಂದು ಬಿಡುವುದೇ ದೊಡ್ಡ ತಪ್ಪು. ಗಾಯದಲ್ಲಿ ಉಳಿದ ಹವಳದ ಚೂರು ವಾರಗಟ್ಟಲೆ ಮಾಯಲು ಬಿಡುವುದಿಲ್ಲ. ಕುಡಿಯುವ ನೀರಿನಿಂದ ಚೆನ್ನಾಗಿ ತೊಳೆದು, ಸೋಪು ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನಂಜುನಿರೋಧಕ ಹಚ್ಚಿ. ನೋವಾಗುತ್ತದೆ, ಆದರೂ ಉಜ್ಜಬೇಕು. ಸುತ್ತಲ ಕೆಂಪು ಹರಡಿದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿ. ಟೆಟನಸ್ ಚುಚ್ಚುಮದ್ದು ಹೊರಡುವ ಮೊದಲೇ ಆಗಿರಲಿ.

ಮುಳ್ಳುಚೆಂಡಿನಂಥ ಸೀ ಅರ್ಚಿನ್, ಕಲ್ಲಿನಂತೆಯೇ ಕಾಣುವ ಸ್ಟೋನ್‌ಫಿಶ್, ಮರಳಲ್ಲಿ ಹುದುಗಿರುವ ತೊರಕೆ ಮೀನು, ಇವುಗಳ ವಿಷಕ್ಕೆ ಬಿಸಿನೀರೇ ಮೊದಲ ಮದ್ದು. ಸುಮಾರು 45 ಡಿಗ್ರಿ, ಸುಡದಷ್ಟು ಬಿಸಿ, 30ರಿಂದ 90 ನಿಮಿಷ. ನೀರಿನ ಬಿಸಿಯನ್ನು ಗಾಯವಾಗದ ಕಾಲಿನಿಂದ ಪರೀಕ್ಷಿಸಿ. ನೋವಿನ ಕಾಲಿಗೆ ಸುಟ್ಟರೂ ತಿಳಿಯದು. ಸ್ಟೋನ್‌ಫಿಶ್ ಎಂಬ ಅನುಮಾನವಿದ್ದರೂ ಆಸ್ಪತ್ರೆಗೆ ಹೊರಡಿ, ಅದಕ್ಕೆ ಪ್ರತಿವಿಷವಿದೆ. ಎದೆಗೋ ಹೊಟ್ಟೆಗೋ ಮುಳ್ಳು ನೆಟ್ಟಿದ್ದರೆ ಕೀಳಬಾರದು.

ಬಾಕ್ಸ್ ಜೆಲ್ಲಿಮೀನಿಗೆ ವಿನೆಗರ್ ಅನ್ನು ಕನಿಷ್ಠ 30 ಸೆಕೆಂಡು ಸುರಿಯಬೇಕು. ಉಜ್ಜುವುದು, ಸಿಹಿನೀರು ಹಾಕುವುದು ಬೇಡ, ಸಿಡಿಯದೆ ಉಳಿದ ಕುಟುಕುಕೋಶಗಳೂ ಸಿಡಿಯುತ್ತವೆ. ಮೂತ್ರದ ಮದ್ದು ಬರೀ ಕಟ್ಟುಕತೆ. ನೀಲಿ ಗುಳ್ಳೆಯ ಬ್ಲೂಬಾಟಲ್‌ಗೆ ಮಾತ್ರ ವಿನೆಗರ್ ಬೇಡ, ಬಿಸಿನೀರು ಎನ್ನುತ್ತದೆ ಆಸ್ಟ್ರೇಲಿಯಾದ ಮಾರ್ಗಸೂಚಿ. ಹೋದ ಕಡಲಲ್ಲಿ ಯಾವುದಿದೆ ಎಂದು ಮೊದಲೇ ಕೇಳಿಕೊಳ್ಳಿ. ದಪ್ಪ ಅಡಿಯ ನೀರುಬೂಟು, ಮರಳಲ್ಲಿ ಪಾದ ಎತ್ತದೆ ಎಳೆದುಕೊಂಡು ನಡೆಯುವ ಅಭ್ಯಾಸ, ಇವೆರಡಿದ್ದರೆ ಇಷ್ಟೆಲ್ಲ ಬೇಕಾಗುವುದು ಅಪರೂಪ.

ಪ್ರಶ್ನೆ: ಬಚ್ಚಲಿನ ನಲ್ಲಿಯಲ್ಲಿ ಸವುಳು ನೀರು. ಸಂಜೆಗೆ ಇನ್ನೂ ಉಪ್ಪು. ಯಾಕೆ?

ಉತ್ತರ: ತಗ್ಗಿನ ಹವಳದ ದ್ವೀಪದಲ್ಲಿ ಸಿಹಿನೀರೆಂದರೆ ಇಂಗಿದ ಮಳೆನೀರು. ಅದು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಎರಡರ ಸಾಂದ್ರತೆಯ ವ್ಯತ್ಯಾಸ ಅತಿ ಕಡಿಮೆ. ಹಾಗಾಗಿ ಲೆಕ್ಕದಲ್ಲಿ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ 40 ಅಡಿ ಇರುತ್ತದೆ. ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಪಂಪು ಹಾಕಿ ಬಾವಿಯ ಮಟ್ಟವನ್ನು ಕೆಲವು ಅಂಗುಲ ಇಳಿಸಿದರೂ ಕೆಳಗಿನ ಉಪ್ಪುನೀರು ಅದರ ನಲವತ್ತು ಪಟ್ಟು ಮೇಲೇರಲು ಹವಣಿಸುತ್ತದೆ. ಹಗಲೆಲ್ಲ ಎಲ್ಲರೂ ಸ್ನಾನ ಮಾಡಿದ ಮೇಲೆ ಸಂಜೆ ಉಪ್ಪು ಹೆಚ್ಚಾಗುವುದು ಇದರಿಂದಲೇ. ಬಟ್ಟೆ ಒಗೆಯುವ ಕೆಲಸವನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ಹವಳದ ಮೀನು ತಿನ್ನಬಹುದೇ?

ಉತ್ತರ: ಚಿಕ್ಕ ಮೀನು ಸಾಮಾನ್ಯವಾಗಿ ತೊಂದರೆ ಕೊಡದು. ದೊಡ್ಡ ಬಾರಕುಡಾ, ದೊಡ್ಡ ಗ್ರೂಪರ್, ಮೊರೇ ಹಾವುಮೀನು ಬೇಡ. ಹವಳದ ಪಾಚಿಯಲ್ಲಿ ಹುಟ್ಟುವ ಸಿಗ್ವಟೆರಾ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಕೂಡಿಕೊಳ್ಳುತ್ತದೆ. ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಹೋಗದು, ರುಚಿ-ವಾಸನೆಯಲ್ಲೂ ಗೊತ್ತಾಗದು. ವಾಂತಿಭೇದಿಯ ಜೊತೆ ತುಟಿ ಜೋಮುಗಟ್ಟಿ, ತಣ್ಣನೆಯದು ಮುಟ್ಟಿದರೆ ಸುಟ್ಟಂತಾದರೆ ಅದೇ. ಕೂಡಲೇ ವೈದ್ಯರನ್ನು ಕಾಣಿ.

ಪ್ರಶ್ನೆ: ದಡದಲ್ಲಿ ಬಿದ್ದ ಚಿಪ್ಪು, ಹವಳದ ತುಂಡು ತರಬಹುದೇ?

ಉತ್ತರ: ಬೇಡ. ಗಟ್ಟಿ ಹವಳ, ದೈತ್ಯ ಕಪ್ಪೆಚಿಪ್ಪು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಅಂಗಡಿಯ ರಸೀದಿ ತೋರಿಸಿದರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ಖಾಲಿ ಚಿಪ್ಪೂ ಖಾಲಿ ಅಲ್ಲ, ಸನ್ಯಾಸಿ ಏಡಿಗೆ ಅದೇ ಮನೆ. ಶಂಕುವಿನಾಕಾರದ ಚೆಂದದ ಚಿಪ್ಪನ್ನಂತೂ ಮುಟ್ಟಲೇಬೇಡಿ. ಒಳಗಿನ ಬಸವನಹುಳು ಜೀವಂತವಾಗಿದ್ದರೆ ಅದರ ಕುಟುಕು ಪ್ರಾಣಕ್ಕೆ ಎರವಾಗಬಹುದು.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಡೈವಿಂಗ್ ಮುಗಿಸಿ ಮಧ್ಯಾಹ್ನದ ವಿಮಾನ ಹಿಡಿಯಬಹುದೇ?

ಉತ್ತರ: ಆಗದು. ಸಿಲಿಂಡರ್ ಕಟ್ಟಿಕೊಂಡು ಒಂದೇ ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿಯಾದರೆ 18 ಗಂಟೆ ವಿಮಾನ ಹತ್ತಬಾರದು. ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ಕ್ಷೇಮ. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಒತ್ತಡ ಕಡಿಮೆಯಾದಾಗ ಗುಳ್ಳೆಯಾಗುತ್ತದೆ. ಮೇಲ್ಮೈಯಲ್ಲೇ ಇರುವ ಸ್ನಾರ್ಕೆಲಿಂಗ್‌ಗೆ ಈ ನಿಯಮವಿಲ್ಲ.

ಇನ್ನು ದೋಣಿ. ದ್ವೀಪದಿಂದ ಹೊರಡುವ ದೋಣಿಯನ್ನೂ ಮುಂದಿನ ದೊಡ್ಡ ವಿಮಾನವನ್ನೂ ಒಂದೇ ದಿನಕ್ಕೆ ಜೋಡಿಸಬೇಡಿ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಅದಕ್ಕೆ ಯಾರನ್ನೂ ಬೈಯಲಾಗದು. ಒಂದು ರಾತ್ರಿ ನಡುವೆ ಇರಲಿ. ಬೆಳಗಿನ ದೋಣಿಯನ್ನೇ ಆರಿಸಿ, ಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ವಾಂತಿಯ ಮಾತ್ರೆ ಹತ್ತುವ ಒಂದು ಗಂಟೆ ಮೊದಲು ನುಂಗಿ. ಕುಲುಕಾಟ ಕಡಿಮೆ ಇರುವ ನಡುಭಾಗದಿಂದ ಹಿಂದಿನ ಸೀಟು ಹಿಡಿದು ಮೊಬೈಲನ್ನು ಚೀಲಕ್ಕೆ ಹಾಕಿ, ದಿಗಂತ ನೋಡುತ್ತ ಕೂತುಬಿಡಿ.